ಸಿಂಗಲ್ ಸ್ಕಲ್ ಬಲಕ್ಕೇ ವಾಲುತ್ತದೆ, ಬಲಗೈ ಹುಟ್ಟು ನೀರಲ್ಲಿ ಸಿಕ್ಕಿಕೊಳ್ಳುತ್ತದೆ (ಕಾಳಿ ನದಿ, ಕಾರವಾರ)

ಕೋಡಿಬಾಗ_ಹೊಸಬ:

ಕ್ಲಬ್ಬಿನಲ್ಲಿ ರೋಯಿಂಗ್ ಕಲಿಯಲು ಶುರುಮಾಡಿ ಆರು ಭಾನುವಾರ ಆಯಿತು. ಬೆಳಿಗ್ಗೆ 6.30ಕ್ಕೆ ನೀರಿಗೆ, 8ರೊಳಗೆ ದಂಡೆಗೆ. ದೋಣಿ ಕಲಿಯುವವರಿಗೆಂದೇ ಇರುವ ಅಗಲದ ಫೈಬರ್ ಸಿಂಗಲ್, ಎರಡು ಕೈಗೆ ಎರಡು ಹುಟ್ಟು.

ಸಮಸ್ಯೆ ಇಷ್ಟು. ದೋಣಿ ಯಾವಾಗಲೂ ಬಲಕ್ಕೆ ವಾಲಿರುತ್ತದೆ (ಕೂತವರ ಬಲ). ಎಂಟು-ಹತ್ತು ಸ್ಟ್ರೋಕಿಗೊಮ್ಮೆ ಬಲಗೈ ಹುಟ್ಟಿನ ಬ್ಲೇಡು ನೀರೊಳಗೆ ಸಿಕ್ಕಿ ಹಿಡಿ ಹೊಟ್ಟೆಗೆ ಬಡಿಯುತ್ತದೆ. ಅಂಗೈ ನಡುವೆ ಬೊಕ್ಕೆ. ಇನ್ನೊಂದು ವಿಚಿತ್ರ: ಒಂದು ಭಾನುವಾರ ಕೈ ಬಿಟ್ಟು ಕೂತರೂ ದೋಣಿ ರೈಲು ಸೇತುವೆ ಕಡೆ ತೇಲುತ್ತದೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಎಷ್ಟು ಎಳೆದರೂ ಆ ಕಡೆ ಹೋಗುವುದಿಲ್ಲ.

"ಬ್ಯಾಲೆನ್ಸ್ ಬರಬೇಕು, ತನ್ನಷ್ಟಕ್ಕೆ ಬರುತ್ತದೆ" ಅನ್ನುತ್ತಾರೆ. ಬರುತ್ತದೆಯೇ?

10ರ_ಪಾನಾ:

ಯಾವಾಗಲೂ ಒಂದೇ ಕಡೆಗೆ ವಾಲುವ ದೋಣಿಗೆ ಬ್ಯಾಲೆನ್ಸಿನ ಪಾಠ ಹೇಳಿ ಉಪಯೋಗವಿಲ್ಲ. ಕೂತವರ ಬ್ಯಾಲೆನ್ಸ್ ಕೆಟ್ಟಿದ್ದರೆ ದೋಣಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊಯ್ದಾಡುತ್ತದೆ. ಒಂದೇ ಕಡೆ ಅಂದರೆ ಮೊದಲು ದೋಣಿಯನ್ನೇ ಅಳೆಯಿರಿ.

ದೋಣಿಯನ್ನು ಸ್ಟ್ಯಾಂಡಿನ ಮೇಲಿಟ್ಟು, ಸೀಟಿನ ಹತ್ತಿರ ಎರಡೂ ಅಂಚಿನ ಮೇಲೆ ಅಡ್ಡಲಾಗಿ ನೇರ ಪಟ್ಟಿ ಇಡಿ. ಗಾರೆ ಕೆಲಸದವರ ರಸಮಟ್ಟ ಸಿಕ್ಕರೆ ಅದೇ ಸಾಕು. ಸೀಟಿನ ಅತಿ ತಗ್ಗಿನ ಜಾಗದಿಂದ ಗೇಟಿನ (ಹುಟ್ಟು ಕೂತು ತಿರುಗುವ ಕೊಕ್ಕೆ) ತಳದ ನಡುಭಾಗಕ್ಕೆ ಎಷ್ಟು ಎತ್ತರ ಎಂದು ಎರಡೂ ಕಡೆ ಅಳೆಯಿರಿ. ಸಾಮಾನ್ಯವಾಗಿ 14ರಿಂದ 18 ಸೆಂ.ಮೀ. ಇರುತ್ತದೆ. ಎರಡೂ ಕಡೆ ಒಂದೇ ಇರಬಾರದು. ಎಳೆಯುವಾಗ ಹಿಡಿಗಳು ಒಂದರ ಮೇಲೊಂದು ಹಾಯುವ ಜಾಗದಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ. ಅದಕ್ಕೇ ಎಡಗೈ ಕಡೆಯ ಗೇಟು 1ರಿಂದ 1.5 ಸೆಂ.ಮೀ. ಮೇಲಿರಬೇಕು.

ಜೊತೆಗೆ ಇವನ್ನೂ ನೋಡಿ ಹೇಳಿ:

ಹುಟ್ಟುಗಳು ಅದಲುಬದಲಾಗಿಲ್ಲ ತಾನೇ? ಹಸಿರು ಪಟ್ಟಿಯದು ನಿಮ್ಮ ಎಡಗೈಗೆ, ಕೆಂಪು ಬಲಗೈಗೆ. ದೋಣಿ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುವುದರಿಂದ ಹೊಸಬರಿಗೆ ಇದು ಉಲ್ಟಾ ಅನಿಸುತ್ತದೆ.

ಗೇಟುಗಳ ಬಾಯಿ ದೋಣಿಯ ಹಿಂಭಾಗಕ್ಕೆ, ಅಂದರೆ ನೀವು ಮುಖ ಮಾಡಿ ಕೂರುವ ಕಡೆಗೆ ಇದೆಯೇ?

ಹುಟ್ಟಿನ ಹಿಡಿಯ ತುದಿಯಿಂದ ಕಾಲರಿನ (ಗೇಟಿಗೆ ತಾಗಿ ನಿಲ್ಲುವ ಬಳೆ) ತನಕ ಎರಡರಲ್ಲೂ ಒಂದೇ ಅಳತೆಯೇ? 87ರಿಂದ 89 ಸೆಂ.ಮೀ. ಒಳಗೆ ಎಷ್ಟಾದರೂ ಆಗಲಿ, ಎರಡೂ ಸಮ ಇರಬೇಕು.

ಕೋಡಿಬಾಗ_ಹೊಸಬ:

ಅಳೆದೆ. ಎಡ 15.5, ಬಲ 17. ಹುಟ್ಟಿನ ಬಣ್ಣ ಸರಿ, ಗೇಟಿನ ಬಾಯಿ ಸರಿ, ಕಾಲರು ಎರಡರಲ್ಲೂ 88. ಹೋದ ತಿಂಗಳು ಉಪ್ಪು ತೊಳೆಯಲು ಗೇಟುಗಳನ್ನೆಲ್ಲ ಬಿಚ್ಚಿದ್ದರಂತೆ.

10ರ_ಪಾನಾ:

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ತಿರುಗಾ ಕೂರಿಸುವಾಗ ವಾಶರು ಆಚೀಚೆ ಆಗಿವೆ.

ಬ್ಲೇಡು ನೀರಿನ ಮೇಲೆ ಒರಗಿರುವಾಗ ಹಿಡಿ ಎತ್ತಿದರೆ ಆ ಕಡೆಯ ರಿಗ್ಗರ್ (ಗೇಟನ್ನು ಹೊತ್ತು ದೋಣಿಯಿಂದ ಹೊರಚಾಚಿದ ಕಂಬಿ) ಏಳುತ್ತದೆ, ಹಿಡಿ ಒತ್ತಿದರೆ ಆ ಕಡೆ ಕೂರುತ್ತದೆ. ನಿಮ್ಮ ಬಲಗಡೆಯ ಗೇಟೇ ಮೇಲಿದೆ, ಆದರೆ ಬಲಗೈ ಎಡಗೈಯ ಕೆಳಗೆ ಹಾಯಬೇಕು. ಹಾಯಿಸಲು ಬಲ ಹಿಡಿಯನ್ನು ಒತ್ತಿದಿರಿ, ದೋಣಿ ಬಲಕ್ಕೆ ಕೂತಿತು. ಬಲಕ್ಕೆ ಕೂತ ದೋಣಿಯಲ್ಲಿ ಬಲಗಡೆಯ ಬ್ಲೇಡು ಮೇಲೇಳಲು ಜಾಗವೇ ಇಲ್ಲ. ಸಿಕ್ಕಿಕೊಳ್ಳದೆ ಇನ್ನೇನು ಮಾಡೀತು ಮಾರಾಯ್ರೆ?

ಸರಿ ಮಾಡುವುದು ಹೀಗೆ. ಗೇಟು ಕೂರುವ ಪಿನ್ನಿನಲ್ಲಿ ಗೇಟಿನ ಮೇಲೂ ಕೆಳಗೂ ಪ್ಲಾಸ್ಟಿಕ್ ವಾಶರುಗಳಿವೆ. ಬಾಯಿ ತೆರೆದ ವಾಶರಾದರೆ ಕೈಯಲ್ಲೇ ಕಿತ್ತು ಸಿಕ್ಕಿಸಬಹುದು. ಪೂರ್ತಿ ಬಳೆಯಂಥದ್ದಾದರೆ ಪಿನ್ನಿನ ತಲೆಯ ನಟ್ಟು ಬಿಚ್ಚಬೇಕು. ಎಡಗಡೆ: ಗೇಟಿನ ಮೇಲಿರುವುದನ್ನು ತೆಗೆದು ಕೆಳಗೆ ಹಾಕಿ, ಗೇಟು ಏರುತ್ತದೆ. ಬಲಗಡೆ: ಕೆಳಗಿರುವುದನ್ನು ಮೇಲೆ ಹಾಕಿ. ಒಂದೊಂದೇ ವಾಶರು ಬದಲಿಸಿ, ಪ್ರತಿ ಸಲ ಅಳೆಯಿರಿ. ಎಡ 17, ಬಲ 15.5 ಬಂದರೆ ನಿಲ್ಲಿಸಿ. ಗೇಟು ಸಲೀಸಾಗಿ ತಿರುಗಬೇಕು, ಮೇಲೆ-ಕೆಳಗೆ ಲೊಡಲೊಡ ಅಲ್ಲಾಡಬಾರದು.

ಸ್ಟೀಲ್ ನಟ್ಟು, ಅಲ್ಯೂಮಿನಿಯಂ ರಿಗ್ಗರ್, ಅಳಿವೆಯ ಉಪ್ಪು ನೀರು: ಮೂರೂ ಸೇರಿದರೆ ನಟ್ಟು ಕಚ್ಚಿಕೊಳ್ಳುತ್ತದೆ. ಬಿಚ್ಚಲು ಬರದಿದ್ದರೆ ಜೋರು ಮಾಡಬೇಡಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ.

ಎಳೆತ_ನಿಧಾನ:

ಗೇಟು ಸರಿಯಾದ ಮೇಲೂ ಒಂದೆರಡು ವಾರ ಸಿಕ್ಕಿಕೊಳ್ಳುತ್ತದೆ, ಏಕೆಂದರೆ ಆರು ವಾರ ಕೈ ತಪ್ಪು ಎತ್ತರಕ್ಕೆ ಒಗ್ಗಿದೆ. ಇದಕ್ಕೆ ರೋಯಿಂಗಿನವರು ಕ್ರ್ಯಾಬ್ (ಏಡಿ, ನಮ್ಮ ಕುರ್ಲಿ) ಹಿಡಿಯುವುದು ಅನ್ನುತ್ತಾರೆ. ಕಾರವಾರದಲ್ಲಿ ಹಾಗಂದರೆ ಕುರ್ಲಿ ಎಷ್ಟು ಸಿಕ್ಕಿತು ಅಂತ ಕೇಳುತ್ತಾರೆ, ಅದು ಬೇರೆ ಮಾತು.

ಕಾರಣ ಹೆಚ್ಚಾಗಿ ಎಳೆತದ ಕೊನೆಯಲ್ಲಿ, ಅಂದರೆ ಫಿನಿಶ್‌ನಲ್ಲಿ ಇರುತ್ತದೆ. ಹಿಡಿ ಪಕ್ಕೆಲುಬಿನ ಹತ್ತಿರ ಬಂದಾಗ ಮೊದಲು ಹಿಡಿಯನ್ನು ಕೆಳಗೆ ಒತ್ತಬೇಕು, ಬ್ಲೇಡು ನಿಂತ ಭಂಗಿಯಲ್ಲೇ ನೀರಿಂದ ಹೊರಬರಬೇಕು, ಆಮೇಲೆ ಮಲಗಿಸಬೇಕು. ಹೊಸಬರು ಎರಡನ್ನೂ ಒಟ್ಟಿಗೆ ಮಾಡುತ್ತಾರೆ. ನೀರೊಳಗೇ ಮಲಗಿದ ಬ್ಲೇಡನ್ನು ದೋಣಿಯ ಓಟ ಕೆಳಕ್ಕೆ ಎಳೆದುಕೊಳ್ಳುತ್ತದೆ. ಇನ್ನೊಂದು ಕಾರಣ ಎಳೆತದ ಆರಂಭದಲ್ಲಿ, ಅಂದರೆ ಕ್ಯಾಚ್‌ನಲ್ಲಿ: ಬ್ಲೇಡು ಪೂರ್ತಿ ನೆಟ್ಟಗಾಗುವ ಮೊದಲೇ ನೀರಿಗೆ ಇಳಿಸುವುದು. ಕೈಗಳು ಮೊಣಕಾಲು ದಾಟಿ ಕಣಕಾಲಿನ ಕಡೆ ಹೋಗುವಷ್ಟರಲ್ಲಿ ಬ್ಲೇಡು ನಿಂತಿರಲಿ.

ಅಭ್ಯಾಸ ಹೀಗೆ ಮಾಡಿ. ಸೊಂಟದ ಮಟ್ಟದ ನೀರಿನಲ್ಲಿ ಒಬ್ಬರು ದೋಣಿಯ ಹಿಂಭಾಗ ಹಿಡಿದು ನಿಲ್ಲಲಿ. ನೀವು ಕಾಲು ಚಾಚಿ, ಬ್ಲೇಡುಗಳನ್ನು ನೀರ ಮೇಲೆ ಮಲಗಿಸಿ, ಒಂದು ಹಿಡಿ 5 ಸೆಂ.ಮೀ. ಎತ್ತಿ ಇನ್ನೊಂದನ್ನು ಅಷ್ಟೇ ಇಳಿಸಿ. ದೋಣಿ ಯಾವ ಕಡೆ ವಾಲಿತು ನೋಡಿ. ಇಪ್ಪತ್ತು ಸಲ ಮಾಡಿದರೆ ಕೈಗೆ ಗೊತ್ತಾಗುತ್ತದೆ. ಆಮೇಲೆ ಬರೀ ತೋಳಿನಿಂದ 20 ಸ್ಟ್ರೋಕ್, ತೋಳು ಮತ್ತು ಬೆನ್ನು ಸೇರಿಸಿ 20, ಅರ್ಧ ಸ್ಲೈಡಿನಲ್ಲಿ (ಸೀಟನ್ನು ಹಳಿಯ ಮೇಲೆ ಅರ್ಧ ದೂರ ಜಾರಿಸಿ) 20, ಕೊನೆಗೆ ಪೂರ್ತಿ. ಮೊದಲ ಮೂರನ್ನು ಬ್ಲೇಡು ಮಲಗಿಸದೆ ಮಾಡಿ. ಯಾವ ಹಂತದಲ್ಲಿ ಬ್ಲೇಡು ಸಿಕ್ಕಿತೋ ಅದರ ಹಿಂದಿನ ಹಂತಕ್ಕೆ ವಾಪಸ್ ಹೋಗಿ, ಮುಂದಕ್ಕೆ ಬೇಡ.

ಎಳೆಯುವಾಗ ಕಾಲು, ಬೆನ್ನು, ತೋಳು. ವಾಪಸ್ ಬರುವಾಗ ತೋಳು, ಬೆನ್ನು, ಕಾಲು. ಎಳೆಯಲು ಒಂದು ಪಾಲು ಸಮಯವಾದರೆ ವಾಪಸಿಗೆ ಎರಡು ಪಾಲು. ನಿಮಿಷಕ್ಕೆ 18 ಸ್ಟ್ರೋಕು ಮೀರಬೇಡಿ. ಪಾತಿ ದೋಣಿಗೆ ಹುಟ್ಟು ಹಾಕಿ ಅಭ್ಯಾಸ ಇರುವವರು ಇಲ್ಲೇ ಎಡವುತ್ತಾರೆ. ಅಲ್ಲಿ ಕೆಲಸ ತೋಳು-ಭುಜದ್ದು, ಇಲ್ಲಿ ಕಾಲಿನದ್ದು.

ಕಾಲಿಡುವ ಸ್ಟ್ರೆಚರ್ ಕೂಡ ನೋಡಿಕೊಳ್ಳಿ. ಕಾಲು ಪೂರ್ತಿ ಚಾಚಿ ಸ್ವಲ್ಪ ಹಿಂದಕ್ಕೆ ಒರಗಿದಾಗ ಎರಡು ಹಿಡಿಗಳ ತುದಿಗಳ ನಡುವೆ 12ರಿಂದ 15 ಸೆಂ.ಮೀ. ಇರಬೇಕು. ಹಿಡಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದರೆ ಸ್ಟ್ರೆಚರನ್ನು ಬೆನ್ನಿನ ಕಡೆಗೆ ಒಂದು ತೂತು ತನ್ನಿ, ಪಕ್ಕೆಗಿಂತ ಆಚೆ ಹೋಗುತ್ತಿದ್ದರೆ ಎದುರಿಗೆ ಒಂದು ತೂತು ದೂಡಿ. ಹಿಮ್ಮಡಿಯ ದಾರ ಕಟ್ಟಿರಬೇಕು, ಹಿಮ್ಮಡಿ 5-7 ಸೆಂ.ಮೀ.ಗಿಂತ ಹೆಚ್ಚು ಏಳಬಾರದು. ಮಗುಚಿದಾಗ ಶೂನಿಂದ ಪಾದ ಹೊರಬರುವುದು ಈ ದಾರದಿಂದ. ಅದಿಲ್ಲದ ದೋಣಿಯಲ್ಲಿ ಕೂರಲೇಬೇಡಿ.

ಬೊಕ್ಕೆ ಬೆರಳಿನ ಬುಡದಲ್ಲಿ ಬಂದರೆ ಮಾಮೂಲು, ಅಂಗೈ ನಡುವೆ ಬಂದರೆ ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿದಿದ್ದೀರಿ. ಬಕೆಟ್ಟಿನ ಹಿಡಿಗೆ ಬೆರಳು ಕೊಕ್ಕೆ ಹಾಕುವ ಹಾಗೆ ಹಾಕಿ, ಹೆಬ್ಬೆರಳು ಹಿಡಿಯ ತುದಿಯಲ್ಲಿಟ್ಟು ಹೊರಕ್ಕೆ ಮೆಲ್ಲಗೆ ಒತ್ತಿ. ಆ ಒತ್ತಡದಿಂದಲೇ ಕಾಲರು ಗೇಟಿಗೆ ಅಂಟಿಕೊಂಡಿರುತ್ತದೆ. ಗ್ಲೌಸ್ ಬೇಡ, ಹಿಡಿ ತಿರುಗಿದ್ದು ಬೆರಳಿಗೆ ಗೊತ್ತಾಗುವುದಿಲ್ಲ.

ಬ್ಲೇಡು ಸಿಕ್ಕಿಯೇ ಬಿಟ್ಟರೆ ಜಗ್ಗಬೇಡಿ. ಕಾಲಿನ ಒತ್ತಡ ಬಿಡಿ, ದೋಣಿ ನಿಧಾನವಾಗಲಿ, ಮಣಿಕಟ್ಟಿನಿಂದ ಬ್ಲೇಡು ನಿಲ್ಲಿಸಿ ಹಿಡಿ ಒತ್ತಿ ಹೊರತೆಗೆಯಿರಿ. ಎಡಗೈ ಹಿಡಿ ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ಹುಟ್ಟುಗಳು ಕೈಯಲ್ಲಿರುವ ತನಕ ದೋಣಿ ಮಗುಚುವುದು ಕಷ್ಟ.

ಸದಾಶಿವಗಡ_ದಂಡೆ:

ಭಾನುವಾರದ ವಿಚಿತ್ರಕ್ಕೆ ಉತ್ತರ ಪಂಚಾಂಗದಲ್ಲಿದೆ. ಉಬ್ಬರ ದಿನಕ್ಕೆ ಎರಡು ಸಲ, ಒಂದಕ್ಕೂ ಇನ್ನೊಂದಕ್ಕೂ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿನಕ್ಕೆ 50 ನಿಮಿಷ ಹಿಂದೆ ಬೀಳುತ್ತದೆ. ಏಳು ದಿನಕ್ಕೆ ಹತ್ತಿರಹತ್ತಿರ ಆರು ಗಂಟೆ. ಹೋದ ಭಾನುವಾರ 6.30ಕ್ಕೆ ಉಬ್ಬರ ಏರುತ್ತಿದ್ದರೆ ಈ ಭಾನುವಾರ ಅದೇ ಹೊತ್ತಿಗೆ ಇಳಿಯುತ್ತಿರುತ್ತದೆ. ಕ್ಲಬ್ಬಿನ ವೇಳೆ ಬದಲಾಗುವುದಿಲ್ಲ, ನೀರು ಬದಲಾಗುತ್ತದೆ.

ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ-ಹುಣ್ಣಿಮೆಗೆ ಉಬ್ಬರ ತುಂಬುವುದು ಮಧ್ಯಾಹ್ನದ ಸುಮಾರಿಗೆ. ಅಂದರೆ ಬೆಳಿಗ್ಗೆ ಆರರ ಆಸುಪಾಸಿನಲ್ಲಿ ನೀರು ತಳ ಕಂಡಿರುತ್ತದೆ, ಆಮೇಲೆ ಏರಲು ಶುರು. ಏರುವ ನೀರು ನಿಮ್ಮನ್ನು ರೈಲು ಸೇತುವೆ ಕಡೆ ಒಯ್ಯುತ್ತದೆ. ಅಷ್ಟಮಿಯ ಹೊತ್ತಿಗೆ ಉಲ್ಟಾ, ಬೆಳಿಗ್ಗೆ ಇಳಿತ. ಹೊಸಬರಿಗೆ ಅಷ್ಟಮಿಯ ಆಸುಪಾಸೇ ಒಳ್ಳೆಯದು, ಏರಿಳಿತವೂ ಸೆಳೆತವೂ ಕಡಿಮೆ. ಅಮಾವಾಸ್ಯೆ-ಹುಣ್ಣಿಮೆಯ ಬೆಳಿಗ್ಗೆ ಮರಳು ದಿಬ್ಬಗಳ ಮೇಲೆ ನೀರು ತೀರ ತೆಳು, ದೋಣಿಯ ತಳದ ಫಿನ್ ಮುರಿಯುವುದು ಅಂಥ ದಿನವೇ.

ನಿಯಮ ಒಂದೇ ಇಟ್ಟುಕೊಳ್ಳಿ: ಹೋಗುವಾಗ ಸೆಳೆತಕ್ಕೆ ಎದುರಾಗಿ, ಬರುವಾಗ ಅದರ ಜೊತೆ. ಇಳಿತ ಇದ್ದರೆ ಮೇಲ್ಮುಖವಾಗಿ ಹೊರಡಿ. ಇಳಿತದ ಜೊತೆ ಹೆದ್ದಾರಿ ಸೇತುವೆಯತ್ತ ಹೊರಟರೆ ಮುಂದೆ ಅಳಿವೆ, ಅದರಾಚೆ ಸಮುದ್ರ. ಸೇತುವೆ ಕಂಬಗಳ ಹತ್ತಿರ ಸುಳಿ ಇರುತ್ತದೆ, ಹೋಗಲೇಬೇಡಿ. ಅದರಲ್ಲೂ 2024ರ ಆಗಸ್ಟ್ 7ರಂದು ಹಳೇ ಸೇತುವೆ ಕುಸಿದ ಕಡೆ ಕಲಿಯುವವರಿಗೆ ಕೆಲಸವಿಲ್ಲ.

ಬೆಳಗಿನ ಗಾಳಿ ನೆಲದಿಂದ ಸಮುದ್ರಕ್ಕೆ, ತೆಳ್ಳಗೆ. ಹೊತ್ತೇರಿದ ಮೇಲೆ ಪಡುವಣ ಗಾಳಿ ಏಳುತ್ತದೆ. ಪಡುವಣ ಗಾಳಿಗೆ ಇಳಿತ ಎದುರಾದರೆ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಸಂಜೆ ಬ್ಯಾಚ್ ಸೇರುವ ಯೋಚನೆ ಇದ್ದರೆ ಕೈ ಪಳಗಿದ ಮೇಲೆ ಸೇರಿ. ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಡುತ್ತಾರೆ ಎಂದ ದಿನ ದೋಣಿ ಶೆಡ್ಡಿನಲ್ಲೇ ಇರಲಿ. ಮೀನು ಬಲೆಯ ಬೂಯಿ ಕಂಡರೆ ಬಲೆ ಯಾವ ಕಡೆ ಹರಡಿದೆ ಗೊತ್ತಾಗುವ ತನಕ ನಿಲ್ಲಿ. ಫಿನ್ನಿಗೆ ಬಲೆ ಸಿಕ್ಕಿದರೆ ದೋಣಿಗಿಂತ ಮೀನುಗಾರರಿಗೆ ನಷ್ಟ ಜಾಸ್ತಿ.

ಘಟ್ಟದ_ಮೇಲಿನವ:

ನಡುವೆ ಒಂದು ಪ್ರಶ್ನೆ. ಶಿರಸಿಯಿಂದ ಘಟ್ಟ ಇಳಿದು ವಾರಕ್ಕೊಮ್ಮೆ ಬರಬಹುದಷ್ಟೆ. ಉಳಿದ ದಿನ ಜಿಮ್ಮಿನ ರೋಯಿಂಗ್ ಮಷೀನು ಸಾಕೇ?

ಎಳೆತ_ನಿಧಾನ:

ಕಾಲು-ಬೆನ್ನು-ತೋಳಿನ ಕ್ರಮಕ್ಕೆ ಸಾಕು. ಗಾಳಿಚಕ್ರದ ಮಷೀನಾದರೆ ಪಕ್ಕದ ಲಿವರನ್ನು 10ಕ್ಕೆ ಇಡಬೇಡಿ, 3 ಅಥವಾ 4ಕ್ಕೆ ಇಡಿ. ಡ್ರ್ಯಾಗ್ ಫ್ಯಾಕ್ಟರ್ (ಗಾಳಿಚಕ್ರ ಎಷ್ಟು ಬಿಗಿ ಎಂಬ ಅಂಕಿ) ತೋರಿಸುವ ಮೀಟರಿದ್ದರೆ 110ರಿಂದ 130ರ ಒಳಗೆ. ನಿಮಿಷಕ್ಕೆ 18-20, ಇಪ್ಪತ್ತು ನಿಮಿಷ. ಆದರೆ ಮಷೀನಿನ ಹಿಡಿ ಒಂದೇ, ನೇರ ಬರುತ್ತದೆ. ಕೈ ಮೇಲೆ-ಕೆಳಗೆ ಹಾಯುವುದು, ಬ್ಲೇಡು ತಿರುಗಿಸುವುದು, ವಾಲುವುದು ಯಾವುದೂ ಅಲ್ಲಿ ಸಿಗದು. ಮಷೀನಿನಲ್ಲಿ ಚೆನ್ನಾಗಿ ಎಳೆಯುವವರು ಮೊದಲ ದಿನ ನೀರಿಗೆ ಬೀಳುವುದು ಹೆಚ್ಚು, ಜೋರು ಹಾಕುತ್ತಾರಲ್ಲ.

ಕೋಡಿಬಾಗ_ಹೊಸಬ:

ವಾಶರು ಬದಲಿಸಿದೆ: ಎಡ 16.8, ಬಲ 15.5. ದೋಣಿ ನೆಟ್ಟಗೆ ನಿಲ್ಲುತ್ತದೆ. ಅರ್ಧ ಸ್ಲೈಡಿನ ತನಕ ಒಮ್ಮೆಯೂ ಸಿಕ್ಕಲಿಲ್ಲ, ಪೂರ್ತಿ ಸ್ಲೈಡಿನಲ್ಲಿ ಎರಡು ಸಲ ಸಿಕ್ಕಿತು. ಸ್ಲೈಡು ಕರಕರ ಅನ್ನುತ್ತದೆ, ಗ್ರೀಸ್ ಹಚ್ಚಲೇ?

10ರ_ಪಾನಾ:

ಬೇಡ. ಗ್ರೀಸಿಗೆ ಮರಳು ಅಂಟಿ ಚಕ್ರ ತಿನ್ನುತ್ತದೆ. ಸಿಹಿನೀರಿನಲ್ಲಿ ತೊಳೆದು, ಒಣ ಬಟ್ಟೆಯಿಂದ ಹಳಿ ಒರೆಸಿ, ಚಕ್ರದ ಅಚ್ಚಿಗೆ ಸುತ್ತಿದ ಕೂದಲು-ದಾರ ಕಿತ್ತು ಹಾಕಿ. ನೀರಿಂದ ಬಂದ ಪ್ರತಿ ಸಲವೂ ಗೇಟು, ಪಿನ್ನು, ಚಕ್ರ, ನಟ್ಟುಗಳ ಮೇಲೆ ಎರಡು ಬಕೆಟ್ ಸಿಹಿನೀರು. ತೊಳೆಯಲು ಗೇಟು ಬಿಚ್ಚುವುದೇ ಆದರೆ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡೂ ಪಿನ್ನಿನ ಫೋಟೋ ತೆಗೆದುಕೊಳ್ಳಲು ಹೇಳಿ.