ಉದ್ಯಾನ ಸಲಹಾ ಸಮಿತಿಯಲ್ಲಿ ಎಷ್ಟು ಜನರಿರಬೇಕು, ಅದರ ಕೆಲಸವೇನು?

ಪ್ರಶ್ನೆ (ಬಡಾವಣೆಯ ನಿವಾಸಿ, ಕಲಬುರಗಿ)

ಎಲ್ಲರಿಗೂ ಶರಣಾರ್ಥಿಗಳು. ನಗರದ ಉದ್ಯಾನಗಳ ಬಗ್ಗೆ ಮಹಾನಗರ ಪಾಲಿಕೆಗೆ ಸಲಹೆ ನೀಡಲು ನಾಗರಿಕರ ಸಮಿತಿಯೊಂದನ್ನು ರಚಿಸಬೇಕೆಂದು ಕೋರುವ ಮನವಿಯನ್ನು ನಾವು ಕೆಲವು ಬಡಾವಣೆಗಳವರು ಸೇರಿ ಸಿದ್ಧಪಡಿಸುತ್ತಿದ್ದೇವೆ. ಸದಸ್ಯರಿಗೆ ಗೌರವಧನ ಇರುವುದಿಲ್ಲ. ಪಾಲಿಕೆಯಲ್ಲಿ 55 ವಾರ್ಡುಗಳಿರುವುದರಿಂದ ವಾರ್ಡಿಗೊಬ್ಬರಂತೆ 55 ಜನರಿರಬೇಕೆಂದು ಕೆಲವರು ವಾದಿಸುತ್ತಿದ್ದಾರೆ. ಅಷ್ಟು ಜನ ಸೇರಿದರೆ ಚಹಾ ಕುಡಿದು ಏಳುವುದಷ್ಟೇ ಆದೀತು, 7 ಜನ ಸಾಕು ಎನ್ನುವವರೂ ಇದ್ದಾರೆ. ನಿರ್ವಹಣೆಯ ಹಣ ಮತ್ತು ಮಾಲಿಗಳ ಉಸ್ತುವಾರಿಯನ್ನೂ ಸಮಿತಿಗೇ ವಹಿಸಬೇಕೆಂದು ಕೇಳುವುದು ಸರಿಯೇ? ಅನುಭವಿಗಳು ತಿಳಿಸಬೇಕು.

ಉತ್ತರ 1 (ನಿವೃತ್ತ ಸಿವಿಲ್ ಎಂಜಿನಿಯರ್)

ಮಾನ್ಯರೆ, ಸಂಖ್ಯೆಯನ್ನು ಪಕ್ಕಕ್ಕಿಟ್ಟು ಸಮಿತಿಯ ಮಾತು ಯಾವ ಹಂತದಲ್ಲಿ ಕೇಳಿಸಬೇಕೆಂಬುದನ್ನು ಮೊದಲು ಬರೆದುಕೊಳ್ಳಿರಿ. ಅಂದಾಜು ಪಟ್ಟಿ ತಯಾರಾಗಿ, ಟೆಂಡರ್ ಮುಗಿದು, ಕಾರ್ಯಾದೇಶ ಹೊರಬಿದ್ದ ಮೇಲೆ ನೀಡುವ ಸಲಹೆ ಬರೀ ತಕರಾರಾಗಿ ಉಳಿಯುತ್ತದೆ. ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷ ಶುರುವಾಗುವುದರಿಂದ, ಯಾವ ಉದ್ಯಾನಕ್ಕೆ ಏನು ಮೊದಲು ಬೇಕೆಂಬ ಆದ್ಯತಾ ಪಟ್ಟಿಯನ್ನು ಸಮಿತಿಯು ಡಿಸೆಂಬರಿನೊಳಗೆ ಲಿಖಿತವಾಗಿ ಕೊಡಬೇಕು. ಒಪ್ಪದ ಸಲಹೆಗೆ ಪಾಲಿಕೆಯು ಕಾರಣ ಸಹಿತ ಲಿಖಿತ ಉತ್ತರ ನೀಡಬೇಕು. ನಿಮ್ಮ ಮನವಿಯ ಜೀವಾಳ ಈ ಎರಡನೆಯ ಷರತ್ತಿನಲ್ಲಿದೆ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮದು ಎರೆಭೂಮಿ. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ, ಮೇ ತಿಂಗಳಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣಿನ ಮೇಲೆ, ಎರೆಯನ್ನು ಸಾಕಷ್ಟು ತೆಗೆದು ಗರಸು ತುಂಬಿ ದಮ್ಮಸು ಮಾಡದೆ ನಡಿಗೆ ಪಥಕ್ಕೆ ಸಿಮೆಂಟ್ ಬಿಲ್ಲೆ ಜೋಡಿಸಿದರೆ ಎರಡು ಮಳೆಗಾಲದೊಳಗೆ ಅದು ಅಲೆಯಲೆಯಾಗಿ ಏಳುತ್ತದೆ, ಕಾಂಪೌಂಡ್ ಗೋಡೆ ಓರೆಯಾಗಿ ಸೀಳುತ್ತದೆ. ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ಕೊಳವೆಬಾವಿಯನ್ನು ನಂಬಿ ಹುಲ್ಲುಹಾಸು ಹಾಸುವುದೂ ಇಂಥದ್ದೇ. ಅದೇ ನೀರನ್ನು ಮೊದಲ ಎರಡು ಮೂರು ವರ್ಷ ಬೇವು, ಹೊಂಗೆಯ ಸಸಿಗಳಿಗೆ ಹರಿಸಿದರೆ ಮುಂದೆ ನೆರಳು ಸಿಗುತ್ತದೆ. ಅಂದಾಜು ಪಟ್ಟಿಯಲ್ಲಿ ಗರಸಿನ ಪದರ ಇದೆಯೇ ಎಂದು ಕೇಳಬಲ್ಲ ಇಬ್ಬರು ಸಮಿತಿಯಲ್ಲಿದ್ದರೆ ಸಾಕು, ಅದಕ್ಕೆ 55 ಜನರೇನೂ ಬೇಕಿಲ್ಲ.

ಹಣ ಮತ್ತು ಮಾಲಿಗಳ ಗೊಡವೆ ಖಂಡಿತ ಬೇಡ. ಹಣ ಮುಟ್ಟಿದ ದಿನವೇ ಲೆಕ್ಕಪರಿಶೋಧನೆ, ಹಾಜರಿ, ಗುತ್ತಿಗೆದಾರರ ಬಿಲ್ಲು ಎಲ್ಲವೂ ಸಮಿತಿಯ ಹೆಗಲೇರುತ್ತವೆ, ಸಲಹೆ ಹಿಂದೆ ಬೀಳುತ್ತದೆ.

ಉತ್ತರ 2 (ವಕೀಲರು)

ವಾರ್ಡಿಗೊಬ್ಬರೆಂಬ ವಾದಕ್ಕೆ ಕಾನೂನಿನಲ್ಲಿ ಬೇರೆ ದಾರಿಯೇ ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು. 2011ರ ಜನಗಣತಿಯಲ್ಲೇ ಕಲಬುರಗಿಯ ಜನಸಂಖ್ಯೆ 5 ಲಕ್ಷ ದಾಟಿದೆ. ಸ್ಥಳೀಯ ದೂರುಗಳು ಆ ಸಮಿತಿಗಳ ಮೂಲಕ ಬರಲಿ. ನೀವು ಕೇಳುತ್ತಿರುವ ಸಮಿತಿ ಇಡೀ ನಗರದ್ದು. ಶರಣಬಸವೇಶ್ವರ ಕೆರೆಯ ಉದ್ಯಾನಕ್ಕೆ ಎಲ್ಲ ವಾರ್ಡಿನವರೂ ಬರುತ್ತಾರೆ. ಉದ್ಯಾನದ ಜಾಗದ ಒತ್ತುವರಿ ಕಂಡುಬಂದರೆ ಸಮಿತಿ ತಾನೇ ಜಗಳಕ್ಕಿಳಿಯದೆ, ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಯ 1985ರ ರಾಜ್ಯ ಕಾಯ್ದೆಯನ್ನು ಉಲ್ಲೇಖಿಸಿ ಬರೆಯಲಿ. ನಗರಾಭಿವೃದ್ಧಿ ಪ್ರಾಧಿಕಾರದಿಂದ ಪಾಲಿಕೆಗೆ ಇನ್ನೂ ಹಸ್ತಾಂತರವಾಗದ ಬಡಾವಣೆಗಳ ಉದ್ಯಾನಗಳ ವಿಷಯವನ್ನು ಮನವಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿರಿ. ಇಲ್ಲವಾದರೆ ಆ ಕಡತ ಎರಡು ಕಚೇರಿಗಳ ನಡುವೆ ಓಡಾಡುತ್ತಲೇ ಇರುತ್ತದೆ.

ಉತ್ತರ 3 (ಶಾಲಾ ಶಿಕ್ಷಕಿ)

ಇಬ್ಬರು ಸರ್‌ಗಳ ಮಾತನ್ನೂ ಒಪ್ಪುತ್ತೇನೆ, ಆದರೆ 7 ಎಂಬ ಸಂಖ್ಯೆಯ ಬಗ್ಗೆ ನನಗೆ ಅನುಮಾನವಿದೆ. ಏಳೇ ಸ್ಥಾನಗಳಿದ್ದರೆ ಬಿಡುವಿರುವ, ಅಧಿಕಾರಿಗಳ ಪರಿಚಯವಿರುವ, ಬೆಳಗಿನ ನಡಿಗೆಗೆ ಬರುವ ನಿವೃತ್ತ ಪುರುಷರೇ ತುಂಬಿಕೊಳ್ಳುತ್ತಾರೆ (ಯಾರೂ ಬೇಸರಿಸಬಾರದು). ಅವರಿಗೆ ನಡಿಗೆ ಪಥವೇ ಉದ್ಯಾನ. ನಮ್ಮಲ್ಲಿ ಬೇಸಿಗೆಯ ಬಿಸಿಲಿಗೆ ಮಕ್ಕಳನ್ನು ಕರೆದುಕೊಂಡು ಹೊರಬೀಳುವುದು ಸಂಜೆ ಆರರ ಮೇಲೆಯೇ. ಆಗ ದೀಪ ಉರಿಯುತ್ತಿದೆಯೇ, ಶೌಚಾಲಯದ ಬೀಗ ತೆರೆದಿದೆಯೇ, ಜಾರುಬಂಡಿಯ ತಗಡು ಬಾಯಿ ಬಿಟ್ಟಿದೆಯೇ ಎಂಬುದನ್ನು ನೋಡುವವರು ತಾಯಂದಿರು. 13 ಜನರಿರಲಿ, ಅದರಲ್ಲಿ ಕನಿಷ್ಠ 5 ಮಹಿಳೆಯರು, ಒಬ್ಬ ಅಂಗವಿಕಲ ಸದಸ್ಯರು, ಉದ್ಯಾನವೇ ಇಲ್ಲದ ಹಳೆಯ ಮೊಹಲ್ಲಾಗಳಿಂದ ಇಬ್ಬರು ಇರಬೇಕೆಂದು ಮನವಿಯಲ್ಲೇ ಬರೆಯಿರಿ.

ಪ್ರಶ್ನೆ ಕೇಳಿದವರು

ಮೇಡಂ, 13 ಎಂಬುದನ್ನು ನಮ್ಮವರು ಒಪ್ಪಬಹುದು. ಆದರೆ ಸಂಬಳವಿಲ್ಲದ ಕೆಲಸಕ್ಕೆ ಆರು ತಿಂಗಳ ನಂತರ ಎಷ್ಟು ಜನ ಬರುತ್ತಾರೆ? ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ) ಇಲ್ಲವೆಂದು ಸಭೆ ಮುಂದೂಡುತ್ತಾ ಹೋದರೆ ಏನು ಮಾಡುವುದು?

ಉತ್ತರ 1 (ಮತ್ತೆ)

ಮೇಡಂ ಹೇಳಿದ್ದು ಸರಿ, 13 ಇರಲಿ. ನಡಿಗೆಯವರ ಬಗ್ಗೆ ಆಡಿದ ಮಾತು ನನಗೂ ತಾಗುತ್ತದೆ, ಒಪ್ಪಿದೆ. ಅರ್ಧಕ್ಕಿಂತ ಹೆಚ್ಚು ಜನರೆಂದರೆ ಕೋರಂ 7 ಆಗುತ್ತದೆ, 55 ಜನರಿದ್ದಿದ್ದರೆ ಪ್ರತಿ ಸಲ 28 ಜನರನ್ನು ಕೂಡಿಸಬೇಕಾಗುತ್ತಿತ್ತು. ಎರಡು ತಿಂಗಳಿಗೊಂದು ಸಭೆ ಸಾಕು. ಸತತ ಮೂರು ಸಭೆಗೆ ಕಾರಣ ತಿಳಿಸದೆ ಗೈರಾದವರ ಸ್ಥಾನ ತಾನಾಗಿ ತೆರವಾಗಬೇಕು, ಆ ಸ್ಥಾನ ತುಂಬುವವರೆಗೆ ಕೋರಂ ಅನ್ನು ಉಳಿದ ಸದಸ್ಯರ ಲೆಕ್ಕದಲ್ಲೇ ಎಣಿಸಬೇಕು. ಉದ್ಯಾನ ಕಾಮಗಾರಿಯ ಗುತ್ತಿಗೆದಾರರು ಮತ್ತು ಅವರ ಹತ್ತಿರದ ಸಂಬಂಧಿಕರು ಸದಸ್ಯರಾಗುವಂತಿಲ್ಲ ಎಂಬ ಸಾಲನ್ನೂ ಮರೆಯದೆ ಸೇರಿಸಿರಿ.