ರಾತ್ರಿ ಪಾಳಿ ಎಂಟು ಗಂಟೆ ಅನ್ನುತ್ತೆ ನನ್ನ ಕೋಡ್, ದುಡಿದವರು ಒಂಬತ್ತು ಅಂತಾರೆ

ಪಾಳಿಲೆಕ್ಕಿಗ:
ಪಾಳಿಯ ಗಂಟೆ ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ಬಳಸುವವರೆಲ್ಲ ನ್ಯೂಯಾರ್ಕ್ ಟೈಮ್‌ಜೋನ್‌ನವರು. 2024ರ ನವೆಂಬರ್ 2ರ ರಾತ್ರಿ 10ಕ್ಕೆ ಬಂದು ಮರುದಿನ ಬೆಳಿಗ್ಗೆ 6ಕ್ಕೆ ಹೋದವರಿಗೆ ಅದು 8 ಗಂಟೆ ಬರೆದಿದೆ. ಅಲ್ಲಿ ಬೇಸಿಗೆ ತಿಂಗಳುಗಳಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ (ಬೇಸಿಗೆ ಸಮಯ). ಅದು ಮುಗಿದ ಆ ರಾತ್ರಿ 2 ಆಗುತ್ತಿದ್ದಂತೆ ಗಡಿಯಾರ ಮತ್ತೆ 1ಕ್ಕೆ ಹೋಗಿದೆ, ಅಂದರೆ ದುಡಿದದ್ದು 9. ಗಡಿಯಾರ 2ರಿಂದ ನೇರ 3ಕ್ಕೆ ಹಾರಿದ ಮಾರ್ಚ್ 10ರಂದು ಇದೇ ತಪ್ಪು ಉಲ್ಟಾ ಆಗಿ 7ರ ಜಾಗದಲ್ಲಿ 8 ಬಂದಿತ್ತು. ಆಗ ಒಬ್ಬರೂ ದೂರು ಕೊಡಲಿಲ್ಲ ಬಿಡಿ!

ಮೊದಲು ನಾನೇ ಬರೆದ ಫಂಕ್ಷನ್ ಇತ್ತು. ಇವತ್ತಿನ ಆಫ್‌ಸೆಟ್ (ಯುಟಿಸಿ ಅನ್ನೋ ಜಾಗತಿಕ ಪ್ರಮಾಣ ಸಮಯಕ್ಕೂ ಸ್ಥಳೀಯ ಸಮಯಕ್ಕೂ ಇರುವ ವ್ಯತ್ಯಾಸ) ಹಿಡಿದು ಎಲ್ಲ ದಿನಾಂಕಕ್ಕೂ ಅದನ್ನೇ ಕೂಡುತ್ತಿತ್ತು. ಜುಲೈನಲ್ಲಿ ಓಡಿಸಿದರೆ ಜನವರಿಯ ದಾಖಲೆಗಳೆಲ್ಲ ಒಂದು ಗಂಟೆ ಆಚೀಚೆ. ಅದನ್ನು ಕಿತ್ತುಹಾಕಿ ಪೈಥಾನ್‌ನ ಟೈಮ್‌ಜೋನ್ ಲೈಬ್ರರಿ ಜೋನ್‌ಇನ್ಫೋ ತಂದೆ. ಆದರೂ ಅದೇ 8. ಲೈಬ್ರರಿಯಲ್ಲೇ ದೋಷವಾ?

ಎರಡನೇಮುಳ್ಳು:
ದೋಷ ಅಲ್ಲ, ಅದು ಹಾಗೇ ಇರೋದು. ಎರಡು ಡೇಟ್‌ಟೈಮ್‌ಗೂ (ದಿನಾಂಕ-ಸಮಯದ ಮೌಲ್ಯಕ್ಕೂ) ಒಂದೇ ಟೈಮ್‌ಜೋನ್ ಆಬ್ಜೆಕ್ಟ್ ಇದ್ದರೆ ಪೈಥಾನ್ ಕಳೆಯುವಾಗ ಆಫ್‌ಸೆಟ್ ಕಡೆ ತಿರುಗಿಯೂ ನೋಡಲ್ಲ, ಗೋಡೆ ಗಡಿಯಾರದ ಅಂಕಿಗಳನ್ನಷ್ಟೇ ಕಳೆಯುತ್ತೆ. ಎರಡನ್ನೂ ಯುಟಿಸಿಗೆ ಒಯ್ದು ಆಮೇಲೆ ಕಳೆಯಿರಿ. ರಾತ್ರಿ 10 ಅಂದರೆ 3ನೇ ತಾರೀಕಿನ 02:00, ಬೆಳಿಗ್ಗೆ 6 ಅಂದರೆ 11:00. ಸಿಕ್ಕಿತಲ್ಲ, 9.

ಹಳೇಸಿಕೋಡರ್:
ಇಷ್ಟಕ್ಕೇ ಮುಗಿಯಲ್ಲ. ಆ ರಾತ್ರಿ 1:30 ಎರಡು ಸಲ ಬರುತ್ತೆ: ಒಂದು 05:30 ಯುಟಿಸಿ, ಇನ್ನೊಂದು 06:30. ಯಾವುದು ಅಂತ ನೀವು ಹೇಳದೆ ಯಾವ ಫಂಕ್ಷನ್‌ಗೂ ಗೊತ್ತಾಗಲ್ಲ. ಪೈಥಾನ್ 3.6ರಿಂದ ಇದಕ್ಕೆಂದೇ ಡೇಟ್‌ಟೈಮ್‌ನಲ್ಲಿ ಫೋಲ್ಡ್ ಅನ್ನೋ ಗುರುತು ಇದೆ, 0 ಅಂದರೆ ಮೊದಲನೆಯದು, 1 ಅಂದರೆ ಎರಡನೆಯದು. ಸಿ ಭಾಷೆಯಲ್ಲಿ ಸ್ಥಳೀಯ ಸಮಯ ತಿರುಗಿಸುವ ಎಂಕೆಟೈಮ್ ಫಂಕ್ಷನ್‌ಗೆ ಟಿಎಂ_ಐಎಸ್‌ಡಿಎಸ್‌ಟಿ (ಬೇಸಿಗೆ ಸಮಯವಾ ಅಲ್ಲವಾ ಅನ್ನೋ ಗುರುತು) ಜಾಗದಲ್ಲಿ -1, ಅಂದರೆ ಗೊತ್ತಿಲ್ಲ ಅಂತ ಕೊಟ್ಟರೆ ಅದು ತಾನೇ ಯಾವುದೋ ಒಂದನ್ನು ಆರಿಸಿಕೊಳ್ಳುತ್ತೆ, ಅದರ ಮೇಲೆ ಸಂಬಳದ ಲೆಕ್ಕ ಕಟ್ಟಬೇಡಿ.

ಮಾರ್ಚ್ 10ರ 2:30 ಅನ್ನೋ ಸಮಯವಂತೂ ಇಲ್ಲವೇ ಇಲ್ಲ. ಯುಟಿಸಿಗೆ ಒಯ್ದು ವಾಪಸ್ ತನ್ನಿ, 3:30 ಆಗಿ ಬರುತ್ತೆ. ಹೋದದ್ದೇ ವಾಪಸ್ ಬರದಿದ್ದರೆ ಆ ಇನ್‌ಪುಟ್ ತಿರಸ್ಕರಿಸಿ. ಮತ್ತೆ, ಕೋಡ್‌ನಲ್ಲಿ ಎಲ್ಲೂ ಗಡಿಯಾರ ಸರಿಯೋದು 3600 ಸೆಕೆಂಡ್ (ಒಂದು ಗಂಟೆ) ಅಂತ ಬರೆದಿಡಬೇಡಿ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ಗಡಿಯಾರ ಸರಿಯೋದು ಅರ್ಧ ಗಂಟೆ ಮಾತ್ರ.

ಎರಡನೇಮುಳ್ಳು:
ಹಾಗಂತ ಎಲ್ಲವನ್ನೂ ಯುಟಿಸಿಯಲ್ಲೇ ಇಡಬೇಡಿ. ನಡೆದುಹೋದ ಪಾಳಿಗೆ ಯುಟಿಸಿ ಸರಿ. ಮುಂದಿನ ವರ್ಷದ ಪಾಳಿಪಟ್ಟಿಗೆ ಸ್ಥಳೀಯ ಸಮಯ ಮತ್ತು ಜೋನ್ ಹೆಸರು ಎರಡನ್ನೂ ಇಡಿ. ಅಮೆರಿಕ 2007ರಲ್ಲಿ ಬೇಸಿಗೆ ಸಮಯದ ಶುರುವನ್ನು ಏಪ್ರಿಲ್‌ನಿಂದ ಮಾರ್ಚ್‌ಗೆ, ಕೊನೆಯನ್ನು ಅಕ್ಟೋಬರ್‌ನಿಂದ ನವೆಂಬರ್‌ಗೆ ಸರಿಸಿತು. ನಿಯಮ ಹಾಗೆ ಬದಲಾದರೆ ಟಿಜೆಡ್‌ಡೇಟಾ (ಟೈಮ್‌ಜೋನ್ ನಿಯಮಗಳ ದತ್ತಾಂಶ) ಅಪ್‌ಡೇಟ್ ಮಾಡಿದರೆ ಸಾಕು. ಮೊದಲೇ ಯುಟಿಸಿಗೆ ತಿರುಗಿಸಿಟ್ಟ ಅಂಕಿ ಮಾತ್ರ ಹಳೇ ನಿಯಮಕ್ಕೇ ಅಂಟಿಕೊಂಡಿರುತ್ತೆ.

ಪಾಳಿಲೆಕ್ಕಿಗ:
9 ಬಂತು, ಇಬ್ಬರಿಗೂ ಧನ್ಯವಾದ. ಆದರೆ ಹೊಸ ತಲೆನೋವು: ಆ ರಾತ್ರಿ 1:40ಕ್ಕೆ ಪಂಚ್ ಮಾಡಿ ಹೋದವರಿದ್ದಾರೆ, ನನ್ನ ಟೇಬಲ್‌ನಲ್ಲಿ ಬರೀ ಗೋಡೆ ಸಮಯ.

ಹಳೇಸಿಕೋಡರ್:
ಸಾಲುಗಳು ಪಂಚ್ ಆದ ಕ್ರಮದಲ್ಲೇ ಇವೆಯಾ? ಹಾಗಿದ್ದರೆ 1:50 ಆದಮೇಲೆ 1:10 ಅಂತ ಇಳಿದಿರೋ ಜಾಗ ಹುಡುಕಿ. ಅಲ್ಲಿಂದ ಕೆಳಗಿರೋ 1ರಿಂದ 2ರೊಳಗಿನ ಸಮಯಗಳಿಗೆಲ್ಲ ಫೋಲ್ಡ್ 1.

ಪಾಳಿಲೆಕ್ಕಿಗ:
ಸಿಕ್ಕಿತು! ಒಂದೇ ಕಡೆ ಇಳಿದಿದೆ, 1:52 ಆದಮೇಲೆ 1:04. ಯುಟಿಸಿ ಕಾಲಂ ಸೇರಿಸಿಯೇ ಇವತ್ತು ಏಳ್ತೀನಿ.