ರಿಲಿಂಕ್ ಮಾಡಿದ ಮೇಲೆ ಟೈಮ್‌ಲೈನ್‌ನಲ್ಲಿ ಬೇರೆಯದೇ ಕ್ಲಿಪ್ ಬರುತ್ತಿವೆ

ಗಂಗಾವತಿ_ಫ್ರೇಮ್
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ಮದುವೆ ವಿಡಿಯೊ ಪ್ರಾಜೆಕ್ಟ್, ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊ. ಹಳೆ ಡಿಸ್ಕ್ ತುಂಬಿತ್ತು ಅಂತ ಫುಟೇಜ್ ಎಲ್ಲ ಹೊಸ 4 ಟಿಬಿ ಡಿಸ್ಕ್‌ಗೆ ಹಾಕಿಕೊಂಡೆ. ಪ್ರಾಜೆಕ್ಟ್ ತೆರೆದರೆ ಎಲ್ಲ ಕಡೆ ಮೀಡಿಯಾ ಆಫ್‌ಲೈನ್, ಅಂದರೆ ಫೈಲ್ ಸಿಗುತ್ತಿಲ್ಲ ಅಂತ ಕೆಂಪು ಪರದೆ. ಫೈಲ್ ಈಗ ಎಲ್ಲಿದೆ ಅಂತ ತೋರಿಸಿ ರಿಲಿಂಕ್ ಕೊಟ್ಟೆ, ಕೆಂಪು ಹೋಯಿತು. ಆದರೆ ಅಕ್ಕಿಕಾಳು ಬೀಳುವ ಕಡೆ ಊಟದ ಪಂಕ್ತಿ ಬರುತ್ತಿದೆ. ಸುರಗಿ ನೀರಿನ ಕಡೆ ಆನೆಗೊಂದಿಯ ಪ್ರಿ-ವೆಡ್ಡಿಂಗ್! ಶುಕ್ರವಾರ ಕೊಡಬೇಕು. ಏನು ಮಾಡಲಿ?

ಬಳ್ಳಾರಿ_ಕೋಟೆ
ಡಿಸ್ಕ್ ಹೋಗಿದೆ ಬ್ರದರ್. ಅಗ್ಗದ 2.5 ಇಂಚಿನವು ಬಹಳಷ್ಟು ಎಸ್‌ಎಂಆರ್, ಅಂದರೆ ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಡೇಟಾ ಸಾಲು ಬರೆಯುವಂಥವು. ಒಂದೇ ಸಲ ತುಂಬಿದರೆ ಏದುಸಿರು ಬಿಡುತ್ತವೆ. ಡಿಸ್ಕ್ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿ ನೋಡಿ.

ಗಂಗಾವತಿ_ಫ್ರೇಮ್
ನೋಡಿದೆ ಅಣ್ಣ. ಗುಡ್ ಅಂತ ತೋರಿಸುತ್ತಿದೆ. ಪ್ಲೇ ಕೂಡ ಸಲೀಸಾಗಿ ಆಗುತ್ತಿದೆ.

ಬಳ್ಳಾರಿ_ಕೋಟೆ
ಹಾಗಾದರೆ ಕೇಬಲ್. ಕಾಪಿ ಆಗುವಾಗಲೇ ಫೈಲ್ ಕೆಟ್ಟಿರುತ್ತೆ. ಬೇರೆ ಕೇಬಲ್ ಹಾಕಿ ಇನ್ನೊಮ್ಮೆ ಕಾಪಿ ಮಾಡಿ.

ಸಿಂಧನೂರು_ಕಟ್
ಕೆಟ್ಟ ಫೈಲ್ ಓಪನ್ ಆಗಲ್ಲ, ಇಲ್ಲ ಅಂದ್ರೆ ಚೌಕ ಚೌಕ ಬರುತ್ತೆ. ಅಕ್ಕಿಕಾಳು ಹೋಗಿ ಊಟ ಹೇಗೆ ಬರುತ್ತೆ ಸರ್? ಡಿಸ್ಕ್ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಅಲ್ವಾ? ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ. ಎಕ್ಸ್‌ಫ್ಯಾಟ್‌ಗೆ ಜರ್ನಲ್, ಅಂದರೆ ಬದಲಾವಣೆಯನ್ನ ಮೊದಲೇ ಬರೆದಿಡುವ ದಾಖಲೆ, ಇಲ್ಲ. ಬರೆಯುವಾಗ ಕರೆಂಟ್ ಹೋದರೆ ಕಷ್ಟ.

ಬಳ್ಳಾರಿ_ಕೋಟೆ
ಆಲ್ಬಮ್ ಮಾಡುವವರ ಹತ್ತಿರ ಮ್ಯಾಕ್ ಇದ್ದರೆ? ಎನ್‌ಟಿಎಫ್‌ಎಸ್ ಡಿಸ್ಕ್ ಅದರಲ್ಲಿ ಓದಬಹುದು, ಬರೆಯೋಕೆ ಬೇರೆ ಸಾಫ್ಟ್‌ವೇರ್ ಬೇಕು. ನಾನಂತೂ ಎಕ್ಸ್‌ಫ್ಯಾಟ್ ಬಿಡಲ್ಲ.

ರಾಯಚೂರು_ರಿಗ್
ಬಿಡಿ ಡಿಸ್ಕ್ ಸಹವಾಸವೇ ಬಿಟ್ಟೆ ನಾನು. ನಾಲ್ಕು ಡಿಸ್ಕ್ ಹಿಡಿಸುವ ನ್ಯಾಸ್ (ನೆಟ್‌ವರ್ಕ್‌ನಲ್ಲಿ ಕೂರುವ ಸ್ಟೋರೇಜ್ ಪೆಟ್ಟಿಗೆ), 8 ಟಿಬಿ ಡಿಸ್ಕ್ ನಾಲ್ಕು, ರೇಡ್ 5, ಅಂದರೆ ಒಂದು ಡಿಸ್ಕ್‌ನಷ್ಟು ಜಾಗ ರಕ್ಷಣೆಗೆ ಹೋಗುತ್ತೆ. ಕೈಗೆ 24 ಟಿಬಿ ಸಿಗುತ್ತೆ. ಒಂದು ಡಿಸ್ಕ್ ಸತ್ತರೂ ಚಿಂತೆ ಇಲ್ಲ. ನಮ್ಮ ಊರಿನ ಬಿಸಿಲಿಗೆ ಆ ರೂಮಿಗೆ ಎಸಿ ಹಾಕಿಸಿದ್ದೇನೆ, ಯುಪಿಎಸ್ ಬೇರೆ. ಫೋಟೊ ಹಾಕಲಾ?

ಕುಷ್ಟಗಿ_ಎಡಿಟ್
ಒಳ್ಳೆ ಸೆಟಪ್ ಸರ್. ಆದರೆ ರೇಡ್ ಅಂದರೆ ಬ್ಯಾಕಪ್ ಅಲ್ಲ. ಕೈತಪ್ಪಿ ಅಳಿಸಿದರೆ ನಾಲ್ಕೂ ಡಿಸ್ಕ್‌ನಲ್ಲಿ ಅಳಿಸಿ ಹೋಗುತ್ತೆ.

ಗಂಗಾವತಿ ಅಣ್ಣಾ, ಕ್ಯಾಮೆರಾ ಎಷ್ಟು? ಹಳೆ ಡಿಸ್ಕ್‌ನಲ್ಲಿ ಫೋಲ್ಡರ್ ಹೇಗಿದ್ದವು, ಈಗ ಹೇಗಿವೆ?

ಗಂಗಾವತಿ_ಫ್ರೇಮ್
ಎರಡು ಸೋನಿ, ಒಂದೇ ಮಾಡೆಲ್. ಪ್ರಿ-ವೆಡ್ಡಿಂಗ್ ಸೇರಿ ನಾಲ್ಕು ಕಾರ್ಡ್. ಮೊದಲು ಕಾರ್ಡಿಗೊಂದು ಫೋಲ್ಡರ್ ಇತ್ತು. ಹೊಸದರಲ್ಲಿ ನೀಟಾಗಿರಲಿ ಅಂತ ಎಲ್ಲ ಕ್ಲಿಪ್ ಒಂದೇ ಫೋಲ್ಡರ್‌ಗೆ ಹಾಕಿದೆ. ಕ್ಲಿಪ್ ಜೊತೆ ಕ್ಯಾಮೆರಾ ಬರೆಯುವ ಮಾಹಿತಿಯ ಎಕ್ಸ್‌ಎಂಎಲ್ ಫೈಲ್ ಸುಮ್ನೆ ಕಸ ಅಂತ ಅಳಿಸಿದೆ. ಹಳೆ ಡಿಸ್ಕ್ ನಿನ್ನೆ ಫಾರ್ಮ್ಯಾಟ್ ಆಯಿತು.

ಕುಷ್ಟಗಿ_ಎಡಿಟ್
ಸಿಕ್ಕಿತು! ಕಾರ್ಡ್ ಫಾರ್ಮ್ಯಾಟ್ ಮಾಡಿದರೆ ಹೆಸರು ಮತ್ತೆ ಸಿ0001 ರಿಂದ ಶುರುವಾಗುತ್ತೆ. ಅಂದರೆ ನಿಮ್ಮ ಹತ್ತಿರ ನಾಲ್ಕು ಸಿ0001 ಇವೆ. ಪ್ರೀಮಿಯರ್ ರಿಲಿಂಕ್ ಮಾಡುವಾಗ ನೋಡುವುದು ಹೆಸರನ್ನ. ಒಳಗೆ ಊಟ ಇದೆಯೋ ತಾಳಿ ಇದೆಯೋ ಅದಕ್ಕೆ ಗೊತ್ತಿಲ್ಲ.

ಈಗ ಮುಖ್ಯ ಪ್ರಶ್ನೆ. ಒಂದೇ ಫೋಲ್ಡರ್‌ಗೆ ಹಾಕುವಾಗ ವಿಂಡೋಸ್ ಕೇಳಿರುತ್ತೆ. ರಿಪ್ಲೇಸ್ ಒತ್ತಿದಿರಾ, ಎರಡೂ ಇರಲಿ ಅಂದಿರಾ?

ಗಂಗಾವತಿ_ಫ್ರೇಮ್
ಎರಡೂ ಇರಲಿ ಅಂದೆ. ಹೆಸರಿನ ಕೊನೆಗೆ (2), (3) ಅಂತ ಇವೆ.

ಕುಷ್ಟಗಿ_ಎಡಿಟ್
ಉಳಿದುಕೊಂಡಿರಿ ಅಣ್ಣಾ. ರಿಪ್ಲೇಸ್ ಒತ್ತಿದ್ದರೆ ಫುಟೇಜೇ ಹೋಗಿರುತ್ತಿತ್ತು.

ಈಗಿನ ಪ್ರಾಜೆಕ್ಟ್ ಮುಟ್ಟಬೇಡಿ. ಆಟೋ-ಸೇವ್ ಫೋಲ್ಡರ್‌ನಲ್ಲಿ ರಿಲಿಂಕ್‌ಗೆ ಮುಂಚಿನ ಕಾಪಿ ಇರುತ್ತೆ, ಅದನ್ನ ತೆರೆಯಿರಿ. ಲಿಂಕ್ ಮೀಡಿಯಾ ಕಿಟಕಿಯಲ್ಲಿ ಪ್ರತಿ ಕ್ಲಿಪ್‌ನ ಹಳೆ ವಿಳಾಸ ಕಾಣುತ್ತೆ. ಅದನ್ನ ಬರೆದುಕೊಂಡು, ಏನೂ ಲಿಂಕ್ ಮಾಡದೆ ಮುಚ್ಚಿ. ಹೊಸ ಡಿಸ್ಕ್‌ನಲ್ಲಿ ಅದೇ ಹೆಸರಿನ ಫೋಲ್ಡರ್ ಮಾಡಿ, ಕ್ಲಿಪ್ ವಾಪಸ್ ಹಂಚಿ.

(2) ಅಂದರೆ ಎರಡನೇ ಕಾರ್ಡ್ ಅಂತ ಮಾತ್ರ ನಂಬಬೇಡಿ. ಮೊದಲ ಕಾರ್ಡ್‌ನಲ್ಲಿ 90 ಕ್ಲಿಪ್, ಎರಡನೆಯದರಲ್ಲಿ 140 ಇದ್ದರೆ, 91 ರಿಂದ ಮುಂದಿನವಕ್ಕೆ (2) ಬಂದೇ ಇರಲ್ಲ. ಫೈಲ್ ಒಳಗಿನ ಮಾಹಿತಿ ಓದುವ ಎಕ್ಸಿಫ್‌ಟೂಲ್ ಹಾಕಿ. ಎಕ್ಸ್‌ಎಂಎಲ್ ಅಳಿಸಿದರೂ ಕ್ಯಾಮೆರಾದ ಸೀರಿಯಲ್ ನಂಬರ್ ಕ್ಲಿಪ್ ಒಳಗೇ ಇರುತ್ತೆ. ಅದರಿಂದ ಕ್ಯಾಮೆರಾ ಬೇರೆ ಮಾಡಿ, ಶೂಟ್ ಆದ ಹೊತ್ತು ನೋಡಿ ಕಾರ್ಡ್ ಬೇರೆ ಮಾಡಿ. ಆಮೇಲೆ (2), (3) ತೆಗೆದು ಹಳೆ ಹೆಸರೇ ಕೊಡಿ. ಕೊನೆಗೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆ ಡ್ರೈವ್‌ನ ಅಕ್ಷರವನ್ನೇ (ಇ, ಎಫ್ ಥರದ್ದು) ಹೊಸದಕ್ಕೆ ಕೊಟ್ಟರೆ ಪ್ರಾಜೆಕ್ಟ್ ಏನೂ ಕೇಳದೆ ತೆರೆಯುತ್ತೆ.

ಬಳ್ಳಾರಿ_ಕೋಟೆ
ಇದೆಲ್ಲ ಸರಿ. ಅದರ ಜೊತೆ ಕೇಬಲ್ ಕೂಡ ಬದಲಿಸಿ.

ಸಿಂಧನೂರು_ಕಟ್
ಕೇಬಲ್ ಮಾತು ಬಿಡಿ ಸರ್, ಅವರಿಗೆ ಶುಕ್ರವಾರ ಕೊಡಬೇಕಂತೆ.

ಗಂಗಾವತಿ_ಫ್ರೇಮ್
ಮೂರು ಕಾರ್ಡ್ ಬೇರೆ ಆದವು. ಅಕ್ಕಿಕಾಳು ಸರಿಯಾದ ಜಾಗಕ್ಕೆ ಬಂತು, ಕುಷ್ಟಗಿ ಅಣ್ಣನಿಗೆ ಕೈ ಮುಗಿದೆ. ಎರಡನೇ ಕ್ಯಾಮೆರಾದ ಗಡಿಯಾರದಲ್ಲಿ ತಾರೀಖೇ ತಪ್ಪಿದೆ. ಅದರ ಒಂದು ಕಾರ್ಡ್ ಕಣ್ಣಲ್ಲೇ ನೋಡಿ ಆರಿಸುತ್ತಿದ್ದೇನೆ. ಇನ್ನೂ 60 ಕ್ಲಿಪ್ ಇವೆ. ಮುಂದಿನ ಮದುವೆಗೆ ಏನು ಮಾಡಲಿ?

ಕುಷ್ಟಗಿ_ಎಡಿಟ್
ಕ್ಯಾಮೆರಾದ ಫೈಲ್ ಸೆಟ್ಟಿಂಗ್‌ನಲ್ಲಿ ಹೆಸರು ಬದಲಿಸುವ ಆಯ್ಕೆ ಇದ್ದರೆ ಒಂದಕ್ಕೆ ಎ, ಇನ್ನೊಂದಕ್ಕೆ ಬಿ ಅಂತ ಕೊಡಿ, ನಂಬರ್ ಸೀರೀಸ್‌ಗೆ ಇಡಿ, ಕಾರ್ಡ್ ಬದಲಾದರೂ ನಂಬರ್ ಮುಂದುವರಿಯುತ್ತೆ. ಶೂಟ್‌ಗೆ ಮುಂಚೆ ಎರಡೂ ಗಡಿಯಾರ ಒಂದೇ ಮಾಡಿ. ಕಾರ್ಡ್ ಇದ್ದ ಹಾಗೇ ಪೂರ್ತಿ ಕಾಪಿ ಮಾಡಿ, ಒಳಗಿನ ಫೋಲ್ಡರ್ ಬಿಚ್ಚಬೇಡಿ. ಎರಡು ಡಿಸ್ಕ್‌ಗೆ ಕಾಪಿ ಆಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಬೇಡ. 4ಕೆ, ಸೆಕೆಂಡಿಗೆ 100 ಮೆಗಾಬಿಟ್ ಅಂದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾಕ್ಕೆ ಲೆಕ್ಕ ಹಾಕಿ ಡಿಸ್ಕ್ ತಗೊಳ್ಳಿ.

ರಾಯಚೂರು_ರಿಗ್
ನ್ಯಾಸ್ ಬೇಕಾದರೆ ಹೇಳಿ, ಮಾಡೆಲ್ ಕಳಿಸುತ್ತೇನೆ.